ಉಗುರಿನ ಮೇಲೆ ಇಳಕಲ್ ಸೆರಗು: ಶೋಕಿಯೋ, ಕಸುಬೋ?

ಗೊಳಸಂಗಿ: ಬಸ್ಸಿನ ಕಂಬಿ ಹಿಡಿದ ಕೈಗಳನ್ನು ನೋಡಿದರೆ ಸಾಕು, ಊರಿನ ಅರ್ಧ ಸುದ್ದಿ ತಿಳಿಯುತ್ತದೆ. ವಿಜಾಪುರದಿಂದ ನಿಡಗುಂದಿ ಕಡೆ ಹೋಗುವ ಬಸ್ಸು ಗೊಳಸಂಗಿಯಲ್ಲಿ ನಿಂತಾಗ ಹತ್ತುವ ಕೈಗಳು ಹಲವು ತರಹ. ಉಳ್ಳಾಗಡ್ಡಿ ಸೋಸಿ ಒರಟಾದ ಬೆರಳು, ಸುಣ್ಣ-ತಂಬಾಕು ತಿಕ್ಕಿ ಹಳದಿಗಟ್ಟಿದ ಹೆಬ್ಬೆರಳು, ರೊಟ್ಟಿ ಬಡಿದು ಬಡಿದು ಸವೆದ ಉಗುರು, ಮದುವೆ ಮುಗಿಸಿ ಬಂದ ಹಸಿರು ಬಳೆ. ಇವುಗಳ ನಡುವೆ ಒಮ್ಮೊಮ್ಮೆ ಇನ್ನೊಂದು ತರಹದ ಕೈಯೂ ಕಣ್ಣಿಗೆ ಬೀಳುತ್ತದೆ. ಐದು ಬೆರಳು, ಐದು ಉಗುರು, ಐದು ಚಿತ್ರ.

ಪಕ್ಕದ ಸೀಟಿನ ಮುತ್ಯಾ ಸುಮ್ಮನಿರುತ್ತಾನೆಯೇ?

“ಏನವ್ವಾ ತಂಗಿ, ಉಗುರಿಗೆ ಏನರ ರೋಗ ಬಂದೈತೇನು?”

“ರೋಗ ಅಲ್ಲ ಮುತ್ಯಾ, ಜ್ವಾಳದ ತೆನಿ. ಇಳಕಲ್ ಸೀರಿ ಸೆರಗಿನ್ಯಾಗ ಇರ್ತೈತಲ್ಲ, ಅದ.”

“ಸೆರಗಿನ್ಯಾಗ ಇರೂದು ಉಗುರಿನ ಮ್ಯಾಗ ಯಾಕ ಬಂತು?”

“ಕಾರಹುಣ್ಣಿವಿಗೆ ನೀವು ಎತ್ತಿನ ಕೋಡಿಗೆ ಬಣ್ಣ ಬಳೀತೀರಲ್ಲ ಮುತ್ಯಾ, ಹಂಗ ಬಂತು.”

ಬಸ್ಸಿಗೆ ಬಸ್ಸೇ ನಗುತ್ತದೆ. ಮುತ್ಯಾನೂ ನಗುತ್ತಾನೆ. ಇಂಥ ಮಾತು ಬಸ್ಸಿಳಿದರೆ ಮುಗಿಯಿತು. ಆದರೆ ಉಗುರಿನ ವಿಷಯ ನಗೆಯಲ್ಲೇ ಮುಗಿಸುವಂಥದ್ದಲ್ಲ. ಇದರಲ್ಲಿ ಹುಡುಗಿಯರ ದುಡಿಮೆ ಇದೆ. ಅಂಗಡಿಕಾರರ ಜವಾಬ್ದಾರಿ ಇದೆ. ಮನೆಮಂದಿಯ ಆರೋಗ್ಯ ಇದೆ. ಹಿರಿಯರ ನ್ಯಾಯಬುದ್ಧಿಯ ಪರೀಕ್ಷೆಯೂ ಇದೆ ಎಂದರೆ ತಪ್ಪಾಗಲಾರದು.

ಕೋಡಿಗೆ ಬಣ್ಣ, ಉಗುರಿಗೆ ಯಾಕಿಲ್ಲ?

ಹುಡುಗಿ ಕೊಟ್ಟ ಉತ್ತರ ಬರೀ ಚೇಷ್ಟೆಯದಲ್ಲ. ಎತ್ತಿನ ಕೋಡಿನ ಮೇಲ್ಪದರ, ಗೊರಸು, ಮನುಷ್ಯರ ಕೂದಲು, ಉಗುರು, ಇವೆಲ್ಲ ಕೆರಾಟಿನ್ ಎಂಬ ಒಂದೇ ವಸ್ತುವಿನಿಂದ ಆದವು. ಕಾರಹುಣ್ಣಿಮೆ ಬಂದರೆ ಈ ಸೀಮೆಯಲ್ಲಿ ಎತ್ತಿನ ಮೈ ತೊಳೆದು, ಕೋಡು ಹೆರೆದು, ಬಣ್ಣ ಬಳಿದು, ಕೊರಳಿಗೆ ಗೊಂಡೆ ಕಟ್ಟಿ, ಸಂಜೆ ಕರಿ ಹರಿಯುವುದನ್ನು ನೋಡಲು ಊರೇ ಕೂಡುತ್ತದೆ. ಆ ಬಣ್ಣವನ್ನು ಶೋಕಿ ಎಂದು ಯಾರೂ ಅನ್ನುವುದಿಲ್ಲ. ವರ್ಷವೆಲ್ಲ ದುಡಿದ ಜೀವಕ್ಕೆ ಒಂದು ದಿನದ ಸಿಂಗಾರ ಎಂದೇ ತಿಳಿಯುತ್ತಾರೆ. ವರ್ಷವೆಲ್ಲ ದುಡಿಯುವ ಹೆಂಗಸಿನ ಕೈಗೆ ಅದೇ ನ್ಯಾಯ ಯಾಕೆ ಸಲ್ಲಬಾರದು?

ಹಾಗೆ ನೋಡಿದರೆ ಹೆಣ್ಣುಮಕ್ಕಳ ಕೈಗೆ ಬಣ್ಣ ಎಂಬುದು ನಿನ್ನೆ ಮೊನ್ನೆಯದಲ್ಲ. ಹಚ್ಚೆ ಇತ್ತು, ಮದರಂಗಿ ಇತ್ತು. ಬಾಗಿಲ ಮುಂದೆ ರಂಗೋಲಿ, ಸೀರೆಯ ಮೇಲೆ ಕಸೂತಿ ಇದ್ದವು. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಎಳೆ ಎಣಿಸಿ ಸೂಜಿ ಚುಚ್ಚಬೇಕು, ಗಂಟು ಹಾಕುವಂತಿಲ್ಲ, ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ಆನೆಯ ಸೊಂಡಿಲು ಕೆಡುತ್ತದೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ನವಿಲು ಎಲ್ಲವನ್ನೂ ಬಟ್ಟೆಗೆ ಇಳಿಸಿದ ಕೈಗಳಿವು. ಆ ಕೈಯ ಮೊಮ್ಮಗಳು ಅದೇ ಚಿತ್ರವನ್ನು ಒಂದು ಹುಣಸೆಬೀಜದಷ್ಟು ಜಾಗದಲ್ಲಿ ಬಿಡಿಸುತ್ತಿದ್ದಾಳೆ. ಜಾಗ ಸಣ್ಣದಾಯಿತೇ ಹೊರತು ಕಸುಬು ಸಣ್ಣದಾಗಲಿಲ್ಲ.

ಶೀಷೆಯಲ್ಲಿ ಬರುವ ಉಗುರುಬಣ್ಣ ಮಾತ್ರ ಹೊರಗಿನಿಂದ ಬಂದದ್ದು ಹೌದು. ಚೀನಾ ದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಗೋಂದು, ತತ್ತಿಯ ಬಿಳಿ, ಜೇನುಮೇಣ ಕಲಸಿ ಉಗುರಿಗೆ ಹಚ್ಚುತ್ತಿದ್ದರಂತೆ. ಈಗಿನ ತೆಳುಬಣ್ಣ ಸುಮಾರು ನೂರು ವರ್ಷದ ಕೂಸು. ಮೋಟಾರು ಗಾಡಿಗಳಿಗೆ ಹೊಡೆಯುತ್ತಿದ್ದ ಹೊಳಪು ಬಣ್ಣದ ಹತ್ತಿರದ ಸಂಬಂಧಿ. ನಮ್ಮ ದೇಶದಲ್ಲಿ ಟಾಟಾದವರು ಲ್ಯಾಕ್ಮೆ ಎಂಬ ಹೆಸರಿನಲ್ಲಿ ಸೌಂದರ್ಯ ಸಾಮಗ್ರಿ ತಯಾರಿಕೆ ಶುರು ಮಾಡಿದ್ದು 1952ರಲ್ಲಿ. ಹೆಸರು ಫ್ರೆಂಚ್ ಆದರೂ ಮೂಲ ನಮ್ಮ ಲಕ್ಷ್ಮಿಯೇ! ಅಂದಮೇಲೆ ಪರದೇಶದ್ದು ಎಂದು ಮೂಗು ಮುರಿಯುವವರು ಸ್ವಲ್ಪ ತಡೆಯುವುದು ಒಳ್ಳೆಯದು.

ಹೇರ್‌ಪಿನ್ನೇ ಕುಂಚ

ದೊಡ್ಡ ಪೇಟೆಗಳಲ್ಲಿ ಇದಕ್ಕೆಂದೇ ಹವಾನಿಯಂತ್ರಿತ ಅಂಗಡಿಗಳಿವೆ. ಹಳ್ಳಿಯ ಹುಡುಗಿಗೆ ಪಡಸಾಲೆಯೇ ಅಂಗಡಿ. ಹೇರ್‌ಪಿನ್ನಿನ ಗುಂಡು ತುದಿ ಚುಕ್ಕಿ ಇಡಲು. ಉರಿದು ಮುಗಿದ ಊದಿನಕಡ್ಡಿಯ ಬಿದಿರು ಗೆರೆ ಎಳೆಯಲು. ಸೆಲೋಟೇಪಿನ ಎಳೆ ಪಟ್ಟಿ ಹೊಡೆಯಲು. ಪಾತ್ರೆ ತಿಕ್ಕುವ ಸ್ಪಂಜಿನ ಹೊಸ ತುಂಡು ಒಂದು ಬಣ್ಣವನ್ನು ಇನ್ನೊಂದರಲ್ಲಿ ಬೆರೆಸಲು. ಉಗುರಿನ ಸುತ್ತ ಚರ್ಮಕ್ಕೆ ಬಣ್ಣ ತಾಗದಂತೆ ಮೊದಲೇ ಫೆವಿಕಾಲ್ ಸವರಿ ಒಣಗಿಸಿದರೆ, ಕೊನೆಗೆ ಪೊರೆಯಂತೆ ಸುಲಿದು ತೆಗೆಯಬಹುದು.

ಇದರಲ್ಲಿ ಅವಸರ ನಡೆಯುವುದಿಲ್ಲ. ಹಳೆಯ ಬಣ್ಣ ತೆಗೆದು, ಕೈ ತೊಳೆದು, ಪೂರ್ತಿ ಒಣಗಿಸಬೇಕು. ಮೊದಲು ಬಣ್ಣವಿಲ್ಲದ ಒಂದು ತಳಪದರ. ಅದರ ಮೇಲೆ ತೆಳ್ಳಗೆ ಎರಡು ಸಲ ಬಣ್ಣ. ಚಿತ್ರ ಒಣಗಿದ ಮೇಲೆ ಹೊಳಪಿನ ಮೇಲ್ಪದರ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಗುಳ್ಳೆ ಏಳುತ್ತದೆ, ದಿಂಬಿಗೆ ತಾಗಿದರೆ ಸುಕ್ಕಾಗುತ್ತದೆ. ಗೋಡೆಗೆ ಸುಣ್ಣ ಬಳಿದವರಿಗೆ ಈ ಮಾತು ಬೇಗ ತಿಳಿದೀತು.

ಒಂದೇ ವಿಷಯ ಹಿಡಿದು ಹತ್ತೂ ಉಗುರಿಗೆ ಚಿತ್ರ ಬಿಡಿಸುವುದಕ್ಕೆ ಪೇಟೆಯವರು ‘ಥೀಮ್’ ಎನ್ನುತ್ತಾರೆ. ಊರಮಾತಿನಲ್ಲಿ ಹೇಳಬೇಕೆಂದರೆ ಹಬ್ಬಕ್ಕೊಂದು ಬಣ್ಣ. ಈ ವಿಷಯಕ್ಕೆ ವಿಜಾಪುರ ಸೀಮೆಯಲ್ಲಿ ಬರವೇ?

ಇಳಕಲ್ ಸೆರಗನ್ನೇ ತೆಗೆದುಕೊಳ್ಳಿ. ಕೆಂಪು ರೇಷ್ಮೆಯ ಮೇಲೆ ಬಿಳಿ ಚಿತ್ತಾರ. ಬಾಚಣಿಕೆಯ ಹಲ್ಲಿನಂಥ ಹಣಿಗೆ, ಕೋಟೆಯ ತೆನೆಯಂಥದ್ದೊಂದು, ಜೋಳದ ತೆನೆಯಂಥದ್ದೊಂದು, ಗುಡ್ಡದ ಸಾಲಿನಂಥದ್ದೊಂದು. ಕಡುಗೆಂಪು ಉಗುರಿನ ಮೇಲೆ ಬಿಳಿ ಚುಕ್ಕಿ ಸಾಲಾಗಿ ಇಟ್ಟು ಮೇಲೆ ಮೇಲೆ ಸಣ್ಣದು ಮಾಡಿದರೆ ತೆನೆಯಾಯಿತು. ಒಂದು ಗೆರೆ ಎಳೆದು ಹಲ್ಲು ಮೂಡಿಸಿದರೆ ಹಣಿಗೆಯಾಯಿತು.

ಪಂಚಮಿಗೆ ಒಂದು ಬೆರಳಲ್ಲಿ ಜೋಕಾಲಿ, ಇನ್ನೊಂದರಲ್ಲಿ ಅಳ್ಳಿನ ಬಿಳಿ ಚುಕ್ಕಿ, ಮತ್ತೊಂದರಲ್ಲಿ ನಾಗಪ್ಪ. ಎಳ್ಳಮಾಸಿಗೆ ಕೆಳಗೆ ಎರಿಮಣ್ಣಿನ ಕಪ್ಪು, ಮೇಲೆ ಬಿಳಿಜೋಳದ ಹಸಿರು. ನವೆಂಬರ್ 1ಕ್ಕೆ ಮೇಲೆ ಹಳದಿ, ಕೆಳಗೆ ಕೆಂಪು, ಉಗುರೇ ಬಾವುಟ. ಹೆಬ್ಬೆರಳ ಉಗುರನ್ನು ಗುಂಡಗೆ ತಿದ್ದಿದರೆ ಅದೇ ಗುಮ್ಮಟದ ಆಕಾರ. ಬೂದುಬಣ್ಣ ಬಳಿದು ಕೆಳಗೆ ಕಮಾನು ಮೂಡಿಸಿದರೆ 1656ರ ಗೋಳಗುಮ್ಮಟ ಬೆರಳ ತುದಿಗೆ ಬಂದು ಕೂತಂತೆ. 2025ರ ಜೂನ್ 3ರಂದು ಬೆಂಗಳೂರು ತಂಡ ಐಪಿಎಲ್ ಕಪ್ ಗೆದ್ದಿತಲ್ಲ, ಅಂಥ ದಿನಕ್ಕೆ ಕೆಂಪು-ಬಂಗಾರದ ಜೋಡಿಯೂ ಇದೆ.

ರಂಜಾನ್ ಬಂದರೆ ಮಾತು ಬೇರೆ. ನಮಾಜಿಗೆ ಮುಂಚೆ ವಜೂ ಮಾಡುವಾಗ ಉಗುರಿಗೆ ನೀರು ತಾಗಬೇಕು. ಉಗುರುಬಣ್ಣದ ಪೊರೆ ಅದಕ್ಕೆ ಅಡ್ಡಿ. ಮದರಂಗಿಗೆ ಆ ಅಡ್ಡಿ ಇಲ್ಲ. ಹೀಗಾಗಿ ಒಂದೇ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಶೀಷೆ, ಇನ್ನೊಬ್ಬರ ಮನೆಯಲ್ಲಿ ಕೋನು. ಕಲಿತ ಕೈ ಎರಡೂ ಮನೆಗೆ ಹೋಗುತ್ತದೆ. ಭಾಷಣ ಬಿಗಿಯುವವರು ಮಾಡಲಾರದ ಕೆಲಸವನ್ನು ಹೀಗೆ ಒಬ್ಬ ಹುಡುಗಿ ಸದ್ದಿಲ್ಲದೆ ಮಾಡುತ್ತಾಳೆ.

ಇಪ್ಪತ್ತು ತಾಸಿಗೆ ಒಂದು ಜಂಪರ್ ಪೀಸು

ಈಗ ನಿಜವಾದ ಸಂಕಟದ ಮಾತಿಗೆ ಬರೋಣ.

ಹೀಗೊಂದು ಮನೆ ಎಂದಿಟ್ಟುಕೊಳ್ಳಿ. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಮುಂದೆ ಕಳಿಸಲು ಅಪ್ಪನಿಗೆ ಮನಸ್ಸಿದೆ, ಕೈಯಲ್ಲಿ ಕಾಸಿಲ್ಲ. ಅಥವಾ ಕಾಸಿದೆ, ಮನಸ್ಸಿಲ್ಲ. “ಇನ್ನೆರಡು ವರ್ಷಕ್ಕ ಕೊಟ್ಟು ಬಿಡೂದೈತಿ, ಸಾಕ್ ಬಿಡ್ರಿ” ಎಂಬ ತೀರ್ಮಾನ. ಹುಡುಗಿ ಮನೆಯಲ್ಲಿ ಕೂತು ಫೋನು ನೋಡಿ ನೋಡಿ ಮದರಂಗಿ ಕಲಿತಳು, ಉಗುರಿನ ಚಿತ್ರ ಕಲಿತಳು. ಓಣಿಯಲ್ಲಿ ಮದುವೆ. “ನಮ್ಮ ತಂಗೀನ ಕರೀರಿ, ಭಾಳ ಚಂದ ಹಾಕ್ತಾಳ” ಎಂದು ಕರೆ ಬಂತು.

ಲೆಕ್ಕ ಹಾಕಿ ನೋಡೋಣ. ಅಂಗಡಿಕಾರರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಒಂದು ಕೈಗೆ ಅರ್ಧ ತಾಸು ಎಂದರೂ ಒಬ್ಬರಿಗೆ ಒಂದು ತಾಸು. ಮದುವೆ ಮನೆಯಲ್ಲಿ 20 ಹೆಂಗಸರು ಕೈ ಚಾಚಿದರೆ 20 ತಾಸು. ದಿನಕ್ಕೆ 8 ತಾಸಿನಂತೆ ಎರಡೂವರೆ ದಿನದ ಕೆಲಸ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯನ್ನು 2025ರ ಏಪ್ರಿಲ್‌ನಿಂದ 370 ರೂಪಾಯಿ ಎಂದು ನಿಗದಿ ಮಾಡಿದ್ದರು. ಮಣ್ಣು ಹೊರುವ ಕೂಲಿಯ ಲೆಕ್ಕದಲ್ಲೇ ಕೊಟ್ಟರೂ 925 ರೂಪಾಯಿ ಆಯಿತು. ಬಣ್ಣದ ಖರ್ಚು ಬೇರೆ. ಕಣ್ಣು ಸೋಲುವುದು, ಬಗ್ಗಿ ಬಗ್ಗಿ ಕತ್ತು ಹಿಡಿಯುವುದು, ಇವಕ್ಕಂತೂ ಬೆಲೆ ಕಟ್ಟುವವರೇ ಇಲ್ಲ.

ಕೈಗೆ ಬರುವುದೇನು? ಉಡಿಯಲ್ಲಿ ಒಂದು ಜಂಪರ್ ಪೀಸು, ಐದು ಉಂಡಿ, “ಭಾಳ ಚಂದ ಆತು ನೋಡವಾ” ಎಂಬ ಮಾತು. ಅದೇ ಮದುವೆಯಲ್ಲಿ ಬ್ಯಾಂಡಿನವರಿಗೆ ಮುಂಗಡ, ಫೋಟೋದವರಿಗೆ ಮುಂಗಡ, ಪೆಂಡಾಲಿನವರಿಗೆ ಮುಂಗಡ. ಹುಡುಗಿಗೆ ಮಾತ್ರ “ಮನಿ ಮಗಳ ಅಲ್ಲೇನ? ರೊಕ್ಕ ಏನ ಕೇಳೂದು?” ಮನೆಯ ಮಗಳು ಎಂಬುದು ಪ್ರೀತಿಯ ಮಾತೇ, ಆದರೆ ಕೂಲಿ ತಪ್ಪಿಸಲು ಅದನ್ನು ಬಳಸಿದಾಗ ಪ್ರೀತಿಗೆ ಗೌರವ ಉಳಿಯುವುದಿಲ್ಲ.

ಇದು ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆ. ಹಡಪ ಹೊತ್ತ ಅಪ್ಪಣ್ಣ, ಸೂಜಿ ಹಿಡಿದ ರಾಮಿತಂದೆ, ಇವರೆಲ್ಲ ಕಲ್ಯಾಣದಲ್ಲಿ ಸಮಸಮನಾಗಿ ಕೂತರೆಂದು ಜಯಂತಿಯ ದಿನ ಮೈಕಿನಲ್ಲಿ ಕೇಳುತ್ತೇವೆ. ಮರುದಿನ ಬೆಳಗ್ಗೆ ಕಾಯಕ ಮಾಡಿದ ಹುಡುಗಿಗೆ ಕೂಲಿ ಕೊಡಲು ಕೈ ಹಿಂದೆ ಸರಿದರೆ ಆ ಜಯಂತಿಗೆ ಅರ್ಥವೇನು?

ಒಂದು ಹಾದಿ ಇದೆ. ಹುಡುಗಿಯೂ ಸಂಕೋಚ ಬಿಡಬೇಕು. ಸಾದಾ ಬಣ್ಣಕ್ಕೆ ಇಷ್ಟು, ಚಿತ್ರಕ್ಕೆ ಇಷ್ಟು, ಮದುಮಗಳಿಗೆ ಇಷ್ಟು ಎಂದು ಒಂದು ರಟ್ಟಿನ ಮೇಲೆ ಬರೆದು ಮನೆ ಬಾಗಿಲಿಗೆ ಹಾಕಬೇಕು. ಕಟಿಂಗ್ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ದರಪಟ್ಟಿ ಇಲ್ಲವೇ? ದರ ಮೊದಲೇ ಬರೆದಿದ್ದರೆ ಬಾಯಿಬಿಟ್ಟು ಕೇಳುವ ನಾಚಿಕೆಯೂ ಇಲ್ಲ, ಕೊಡುವವರಿಗೆ ನೆಪವೂ ಇಲ್ಲ.

ಅಂಗಡಿಕಾರರ ಗಮನಕ್ಕೆ

ಬಳೆ ಅಂಗಡಿ, ಜನರಲ್ ಸ್ಟೋರ್ಸ್, ಸಂತೆಯ ತಟ್ಟಿನ ವ್ಯಾಪಾರಿಗಳಿಗೆ ಒಂದು ಮಾತು ಹೇಳುವುದು ಅಗತ್ಯ. ಹತ್ತು ರೂಪಾಯಿಗೆ ಒಂದು ಶೀಷೆ ಎಂದು ರಾಶಿ ಸುರಿದು ಮಾರುವ ಬಣ್ಣದ ಮೇಲೆ ಏನಾದರೂ ಬರೆದಿದೆಯೇ? 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, ಅದರ ಕೆಳಗೆ ಬಂದ 2020ರ ನಿಯಮಗಳ ಪ್ರಕಾರ ತಯಾರಿಸಿದವರ ಹೆಸರು-ವಿಳಾಸ, ಲೈಸೆನ್ಸ್ ನಂಬರು, ಎಂದಿನವರೆಗೆ ಬಳಸಬಹುದೆಂಬ ತಾರೀಖು ಎಲ್ಲವೂ ಇರಬೇಕು. ಹೆಸರಿಲ್ಲದ ಶೀಷೆಯೊಳಗೆ ಏನಿದೆಯೆಂದು ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ. ಟಾಲ್ವಿನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್ ಎಂಬ ಮೂರು ಅಪಾಯಕಾರಿ ವಸ್ತುಗಳನ್ನು ದೊಡ್ಡ ಕಂಪನಿಗಳು ಬಿಟ್ಟು ವರ್ಷಗಳಾದವು. ಹೆಸರಿಲ್ಲದವರು ಬಿಟ್ಟಿದ್ದಾರೆಂದು ಯಾರು ಹೇಳಬೇಕು?

ಮದರಂಗಿಯ ವಿಷಯ ಇನ್ನೂ ಗಂಭೀರ. ಮದರಂಗಿ ಎಲೆಯ ನಿಜವಾದ ಬಣ್ಣ ಕಿತ್ತಳೆಯಿಂದ ಕಂದು. ಅದು ಏರಲು ತಾಸುಗಟ್ಟಲೆ ಬೇಕು. ಐದೇ ನಿಮಿಷದಲ್ಲಿ ಕರ್ರಗೆ ಏರುವ ಕೋನು ಬರೀ ಎಲೆಯದಾಗಿರಲು ಸಾಧ್ಯವೇ ಇಲ್ಲ. ಅಂಥದ್ದರಲ್ಲಿ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಕೆಲವರ ಚರ್ಮ ಇದಕ್ಕೆ ಬೊಬ್ಬೆ ಏಳುತ್ತದೆ, ಚಿತ್ರದ ಗೆರೆಗೆ ಗೆರೆಯೇ ಸುಟ್ಟ ಗಾಯವಾಗುತ್ತದೆ. ಒಮ್ಮೆ ಒಗ್ಗದೆ ಹೋದವರಿಗೆ ಮುಂದೆ ಜೀವಮಾನವಿಡೀ ಕೂದಲಬಣ್ಣವೂ ಒಗ್ಗುವುದಿಲ್ಲ. ಮದುವೆಯ ಹಿಂದಿನ ದಿನ ಮದುಮಗಳ ಕೈ ಬಾತುಕೊಂಡರೆ ಆ ಮನೆಯವರಿಗೆ ಉತ್ತರ ಹೇಳುವವರಾರು?

ಕೊಳ್ಳುವವಳು ಪರ ಊರಿನವಳಲ್ಲ. ನಿಮ್ಮ ಅಂಗಡಿಗೆ ದಿನಾ ಬಂದು ಸಕ್ಕರೆ, ಚಹಾಪುಡಿ ಒಯ್ಯುವ ಗಿರಾಕಿಯ ಮಗಳು. ಎರಡು ರೂಪಾಯಿ ಲಾಭಕ್ಕೆ ಆ ನಂಬಿಕೆ ಕೆಡಿಸಿಕೊಳ್ಳುವುದು ವ್ಯಾಪಾರವೂ ಅಲ್ಲ. ಲೇಬಲ್ ಇದ್ದ ಮಾಲು ಇಡಿ, ಬೆಲೆ ಸ್ವಲ್ಪ ಹೆಚ್ಚಾದರೂ ಯಾಕೆಂದು ತಿಳಿಸಿ ಹೇಳಿ. ಕಸುಬು ಬೆಳೆದರೆ ನಿಮ್ಮ ವ್ಯಾಪಾರವೂ ಬೆಳೆಯುತ್ತದೆ.

ಒಲೆ, ರೊಟ್ಟಿ, ದವಾಖಾನೆ

ಹುಡುಗಿಯರಿಗೂ ನಾಲ್ಕು ಮಾತು. ಉಗುರುಬಣ್ಣ, ಅದನ್ನು ಅಳಿಸುವ ಅಸಿಟೋನ್ ಎರಡೂ ಬೇಗ ಬೆಂಕಿ ಹಿಡಿಯುವಂಥವು. ಅದರ ಆವಿಯೂ ಹಾಗೆಯೇ. ಒಲೆಯ ಮುಂದೆ, ಗ್ಯಾಸಿನ ಹತ್ತಿರ, ದೇವರ ದೀಪದ ಬಳಿ ಕೂತು ಈ ಕೆಲಸ ಬೇಡವೇ ಬೇಡ. ಕಿಟಕಿ-ಬಾಗಿಲು ತೆರೆದ ಜಾಗ ಬೇಕು. ಸಣ್ಣ ಮಕ್ಕಳ ಕೈಗೆ ಶೀಷೆ ಸಿಗಬಾರದು.

ರೊಟ್ಟಿ ಬಡಿಯುವ ಕೈಗೆ ಹರಳು, ಮಿಂಚಿನ ಪುಡಿ, ಅಂಟಿಸುವ ಉದ್ದುಗುರು ಒಗ್ಗುವುದಿಲ್ಲ. ಹರಳು ಹಿಟ್ಟಿಗೆ ಬಿದ್ದರೆ ತಿನ್ನುವವರ ಹಲ್ಲಿಗೆ ಬಂತು! ಅಡುಗೆ ಮನೆಯ ಕೈಗೆ ಗಿಡ್ಡ ಉಗುರು, ಸಾದಾ ಚಿತ್ರವೇ ಚಂದ. ಆಪರೇಶನ್ನಿಗೆ, ಹೆರಿಗೆಗೆ ದವಾಖಾನೆಗೆ ಹೋಗುವಾಗ ಬಣ್ಣ ಅಳಿಸಿಕೊಂಡೇ ಹೋಗಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರವನ್ನು 2020-21ರ ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ನೋಡಿದ್ದೇವೆ. ಕಡುಬಣ್ಣದ ಉಗುರಿದ್ದರೆ ಅದು ತಪ್ಪು ಲೆಕ್ಕ ತೋರಿಸಬಹುದು. ವೈದ್ಯರು ಉಗುರಿನ ಬಣ್ಣ ನೋಡಿಯೇ ರಕ್ತ ಕಡಿಮೆಯಿದೆಯೇ ಎಂದು ಊಹಿಸುವುದೂ ಉಂಟು.

ಇನ್ನು ‘ಜೆಲ್’ ಎಂಬ ಹೊಸ ಬಣ್ಣ, ಅದನ್ನು ಗಟ್ಟಿ ಮಾಡುವ ನೀಲಿ ದೀಪ. ಕೂಡಗಿಯಲ್ಲಿ 2400 ಮೆಗಾವಾಟ್ ಕರೆಂಟು ಹುಟ್ಟುವ ಕಾರ್ಖಾನೆ ಇದೆಯೆಂದು ಮನೆಮನೆಗೂ ಆ ದೀಪ ತರಬೇಕೆಂದೇನಿಲ್ಲ. ಆ ಜೆಲ್ ಗಟ್ಟಿಯಾಗದೆ ಚರ್ಮಕ್ಕೆ ತಾಗುತ್ತಿದ್ದರೆ ಜೀವನಪೂರ್ತಿ ಅಲರ್ಜಿ ಅಂಟಬಹುದು ಎಂದು ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಎಚ್ಚರಿಸಿದೆ. ಜೆಲ್‌ಗೆ ಹಾಕುವ ಟಿಪಿಓ ಎಂಬ ವಸ್ತುವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಕಲಿತವರ ಕೈಯಲ್ಲಿ ಮಾತ್ರ ಇರಬೇಕಾದದ್ದು ಅದು. ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಒಮ್ಮೆ ಕೆಟ್ಟರೆ ಹೊಸದು ಪೂರ್ತಿ ಬರಲು ಆರು ತಿಂಗಳು ಬೇಕೆಂಬುದು ನೆನಪಿರಲಿ.

ಯಾವ ಪಟ್ಟಿಯಲ್ಲೂ ಇಲ್ಲದವರು

ಸರಕಾರದ ಕಡೆಗೆ ನೋಡಿದರೆ ಅಲ್ಲಿಯೂ ಇವರ ಹೆಸರಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಿಗ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ, ಹೂಮಾಲೆ ಕಟ್ಟುವವರು ಎಲ್ಲರೂ ಇದ್ದಾರೆ, ಇರಬೇಕಾದದ್ದೇ. ಆದರೆ ಮದರಂಗಿ ಹಾಕುವವಳು, ಉಗುರಿಗೆ ಚಿತ್ರ ಬಿಡಿಸುವವಳು ಇಲ್ಲ. ಕಟಿಂಗ್ ಕಸುಬಾದರೆ ಇದೂ ಕಸುಬಲ್ಲವೇ?

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್ ತರಬೇತಿಯನ್ನು ಪುಕ್ಕಟೆಯಾಗಿ, ಊಟ-ವಸತಿ ಸಮೇತ ಕೊಡುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಮಾದರಿ ದೇಶಕ್ಕೆಲ್ಲ ಹಬ್ಬಿ ಜಿಲ್ಲೆಗೊಂದಾದ ಸಂಸ್ಥೆಗಳಿವು. ಬಸ್ಸಿನ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಬಸ್ಸು ಇದೆ, ತರಬೇತಿ ಇದೆ, ಹುಡುಗಿಗೆ ಆಸೆ ಇದೆ. ಇಲ್ಲದಿರುವುದು ಮನೆಯ ಹಿರಿಯರ ಒಂದು “ಹೂಂ, ಹೋಗಿ ಬಾ” ಎಂಬ ಮಾತು ಮಾತ್ರ.

ಪಂಚಾಯತಿಯವರು, ಸಂಜೀವಿನಿ ಒಕ್ಕೂಟದವರು ತರಬೇತಿಗೆ ಹೆಸರು ಬರೆಸುವಾಗ ಹೊಲಿಗೆ, ಹಪ್ಪಳ, ಉಪ್ಪಿನಕಾಯಿಯಲ್ಲೇ ನಿಲ್ಲದೆ ಈ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ನಷ್ಟವೇನಿಲ್ಲ. ಆರೋಗ್ಯ ಇಲಾಖೆಯವರು ಸಂತೆಯ ದಿನ ಹೆಸರಿಲ್ಲದ ಶೀಷೆಗಳ ಮೇಲೆ ಒಂದು ಕಣ್ಣಿಟ್ಟರೆ ಇನ್ನೂ ಒಳ್ಳೆಯದು.

ಕಾರಹುಣ್ಣಿಮೆಯ ಸಂಜೆ ಎತ್ತಿನ ಕೋಡಿಗೆ ಬಣ್ಣ ಬಳಿದ ಚಿತ್ರಗಾರನಿಗೆ ಒಕ್ಕಲಿಗ ಬರಿಗೈಯಲ್ಲಿ ಕಳಿಸುವುದಿಲ್ಲ. ಅಳೆದು ಜೋಳವಾದರೂ ಕೊಟ್ಟು ಕಳಿಸುತ್ತಾನೆ. ಎತ್ತಿನ ಕೋಡಿಗಿರುವ ಆ ಮರ್ಯಾದೆ ಮಗಳ ಕೈಗೆ ಸಿಗುವುದು ಯಾವಾಗ? ಊರ ಹಿರಿಯರು, ಬರುವ ಮದುವೆಯ ಸೀಸನ್ನಿಗೆ ಮುಂಚೆಯೇ, ಈ ಪ್ರಶ್ನೆಗೆ ಉತ್ತರ ಹೇಳುವರೇ?